ಎರಡು ರೂಪಾಯಿಗೆ ಯಾರು ಜಗಳ ಆಡುತ್ತಾರೆ?

2023ರ ಏಪ್ರಿಲ್‌ನಲ್ಲಿ ಬೆಂಗಳೂರಿನದೇ ಕಂಪನಿ ಸ್ವಿಗ್ಗಿ ಊಟದ ಆರ್ಡರ್ ಮೇಲೆ 2 ರೂಪಾಯಿ ‘ಪ್ಲಾಟ್‌ಫಾರ್ಮ್ ಫೀ’ ಹಾಕಲು ಶುರು ಮಾಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಝೊಮ್ಯಾಟೊ ಕೂಡ ಅದೇ 2 ರೂಪಾಯಿ ಹಾಕಿತು. ಮುನ್ನೂರು ರೂಪಾಯಿಯ ಬಿರಿಯಾನಿ ತರಿಸುವವರು ಎರಡು ರೂಪಾಯಿಗೆ ತಕರಾರು ತೆಗೆಯುತ್ತಾರೆಯೇ? ಫೀ ಮೆಲ್ಲಗೆ ಮೇಲೇರಿತು. 2025ರ ಆಗಸ್ಟ್ ಹೊತ್ತಿಗೆ ಸ್ವಿಗ್ಗಿಯಲ್ಲಿ ಅದು 14 ರೂಪಾಯಿ ಮುಟ್ಟಿತು. ಮೊದಲ ದಿನವೇ 14 ಎಂದು ಕೇಳಿದ್ದರೆ ಒಂದಷ್ಟು ಮಂದಿಯಾದರೂ ಆ್ಯಪ್ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು, ಹತ್ತಿರದ ದರ್ಶಿನಿಗೆ ಹೋಗುತ್ತಿದ್ದರು ಎಂದೇ ನನ್ನ ಅನಿಸಿಕೆ.

ಇದರಲ್ಲಿ ಜಾಹೀರಾತು ಎಲ್ಲಿದೆ? ಸಿನಿಮಾ ನಟರಿಲ್ಲ, ಹಾಡಿಲ್ಲ, ‘ಇಂದೇ ಖರೀದಿಸಿ’ ಎಂಬ ಕೂಗಿಲ್ಲ. ಆದರೂ ನಮ್ಮ ಆಯ್ಕೆಯನ್ನು ಯಾರೋ ಕೂತು ಲೆಕ್ಕ ಹಾಕಿ ತಿದ್ದಿದ್ದಾರೆ. ನಮ್ಮನ್ನು ಒಲಿಸುವ ಕೆಲಸ ಬಹುಮಟ್ಟಿಗೆ ಹೀಗೇ ನಡೆಯುತ್ತಿದೆ. ‘ಕೊಳ್ಳಿ’ ಎಂದು ಹೇಳುವುದಕ್ಕಿಂತ ನಾವು ಕೊಳ್ಳುವ ಜಾಗವನ್ನೇ ತಮಗೆ ಬೇಕಾದಂತೆ ಜೋಡಿಸಿಡುವುದು ಸುಲಭ ಎಂದು ಮಾರುವವರಿಗೆ ಗೊತ್ತಾಗಿದೆ. ಈ ಜೋಡಣೆ ಹೇಗೆ ಕೆಲಸ ಮಾಡುತ್ತದೆ ಎಂಬುದೇ ಈ ಬರಹದ ವಿಷಯ.

ಮೊದಲು ಒಂದು ಹಳೇ ಗಾಳಿಸುದ್ದಿಯನ್ನು ಬದಿಗಿಡೋಣ. ಜಾಹೀರಾತು ನಮಗೆ ತಿಳಿಯದಂತೆ ಮನಸ್ಸಿಗೆ ಮಾಟ ಹಾಕುತ್ತದೆ ಎಂಬ ನಂಬಿಕೆ ಇನ್ನೂ ಬಹಳ ಜನರಲ್ಲಿದೆ. ಇದಕ್ಕೆ ದೊಡ್ಡ ಕುಮ್ಮಕ್ಕು ಕೊಟ್ಟದ್ದು 1957ರಲ್ಲಿ ಅಮೆರಿಕದ ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕ. ನ್ಯೂಜೆರ್ಸಿಯ ಒಂದು ಚಿತ್ರಮಂದಿರದಲ್ಲಿ ಸಿನಿಮಾ ನಡೆಯುವಾಗಲೇ, ಕಣ್ಣಿಗೆ ಕಾಣದಷ್ಟು ವೇಗದಲ್ಲಿ ‘ಪಾಪ್‌ಕಾರ್ನ್ ತಿನ್ನಿ’, ‘ಕೋಕಾ ಕೋಲಾ ಕುಡಿಯಿರಿ’ ಎಂದು ತೋರಿಸಿದೆ, ಮಾರಾಟ ಜಿಗಿಯಿತು ಎಂದು ಆತ ಸಾರಿದ. ಜಗತ್ತು ಬೆಚ್ಚಿತು. 1962ರಲ್ಲಿ ಆತನೇ ಅದು ವ್ಯಾಪಾರ ಕುದುರಿಸಲು ಮಾಡಿದ ಗಿಮಿಕ್ಕು ಎಂದು ಒಪ್ಪಿಕೊಂಡ. ಒಪ್ಪಿಗೆ ಯಾರಿಗೂ ನೆನಪಿಲ್ಲ, ಕತೆ ಮಾತ್ರ ಉಳಿದುಕೊಂಡಿದೆ. ನಿಜವಾಗಿ ಕೆಲಸ ಮಾಡುವ ಉಪಾಯಗಳಲ್ಲಿ ಇಂಥ ರೋಚಕತೆ ಇಲ್ಲ. ಅವು ಸಪ್ಪೆ, ಕಣ್ಣೆದುರಿಗೇ ಇವೆ. ಸಪ್ಪೆಯಾಗಿರುವುದರಿಂದಲೇ ಯಾರೂ ಅವನ್ನು ಗಮನಿಸುವುದಿಲ್ಲ.

ಎಲ್ಲದರ ಬುಡದಲ್ಲಿರುವ ಸಂಗತಿ ಇಷ್ಟೇ: ಪ್ರತಿಯೊಂದನ್ನೂ ಕೂತು ತೂಗಿ ನೋಡಿ ಆರಿಸುವಷ್ಟು ಪುರಸೊತ್ತು ಮನಸ್ಸಿಗಿಲ್ಲ. ಸಿಲ್ಕ್ ಬೋರ್ಡ್ ದಾಟಿ ರಾತ್ರಿ ಎಂಟಕ್ಕೆ ಮನೆ ಸೇರಿದವರು ಯಾವ ಶಾಂಪೂ ಮಿಲಿಲೀಟರಿಗೆ ಅಗ್ಗ ಎಂದು ಲೆಕ್ಕ ಹಾಕುವುದಿಲ್ಲ. ಮನಸ್ಸು ಅಡ್ಡದಾರಿ ಹಿಡಿಯುತ್ತದೆ. ಪರಿಚಿತವಾದದ್ದು ಒಳ್ಳೆಯದು, ಎಲ್ಲರೂ ಕೊಳ್ಳುವುದು ಸರಿಯಾದದ್ದು, ಮುಗಿದುಹೋಗುತ್ತಿರುವುದು ಬೆಲೆಬಾಳುವಂಥದ್ದು, ಮೊದಲೇ ಟಿಕ್ ಆಗಿರುವುದು ಇದ್ದಹಾಗೇ ಇರಲಿ. ಇವು ಪೆದ್ದುತನದ ಲಕ್ಷಣಗಳಲ್ಲ. ಈ ಅಡ್ಡದಾರಿಗಳಿಲ್ಲದೆ ಯಾರೂ ಒಂದು ದಿನವನ್ನೂ ದೂಡಲಾರರು. ಮಾರುವವರು ಆ ದಾರಿಗಳ ಬಾಯಲ್ಲೇ ಅಂಗಡಿ ಹಾಕಿ ಕೂತಿದ್ದಾರೆ.

ಪರಿಚಿತತೆಯನ್ನೇ ತೆಗೆದುಕೊಳ್ಳಿ. ಒಂದು ವಸ್ತುವನ್ನು ಮತ್ತೆ ಮತ್ತೆ ನೋಡಿದರೆ ಸಾಕು, ಅದರ ಬಗ್ಗೆ ಏನೂ ತಿಳಿಯದಿದ್ದರೂ ಅದು ಇಷ್ಟವಾಗತೊಡಗುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯಾನ್ಸ್ 1968ರಲ್ಲೇ ತೋರಿಸಿದ್ದರು. ಅರ್ಥವಿಲ್ಲದ ಪದಗಳನ್ನು ತೋರಿಸಿದರೂ, ಹೆಚ್ಚು ಸಲ ಕಂಡ ಪದಕ್ಕೆ ಒಳ್ಳೆಯ ಅರ್ಥವೇ ಇರಬೇಕು ಎಂದು ಜನ ಊಹಿಸಿದರು. ಫ್ಲೆಕ್ಸು, ಹೋರ್ಡಿಂಗು, ಬಸ್ಸಿನ ಬೆನ್ನು, ಮೆಟ್ರೊ ಕಂಬಗಳಿಗೆ ಕಂಪನಿಗಳು ಸುರಿಯುವ ಹಣದ ಹಿಂದಿನ ತರ್ಕ ಇದೇ. ಸಿಗ್ನಲ್ಲಿನಲ್ಲಿ ನಿಂತವರು ಓದಬೇಕಾಗಿಯೂ ಇಲ್ಲ, ಕಣ್ಣು ಹಾದು ಹೋದರೆ ಸಾಕು. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೊ ಮಾರ್ಗದಲ್ಲಿ ಹಣ ನೀಡಿದ ಸಂಸ್ಥೆಗಳ ಹೆಸರು ನಿಲ್ದಾಣದ ಹೆಸರಿಗೇ ಸೇರಿಕೊಂಡಿದೆ: ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ. ಇದನ್ನು ಜಾಹೀರಾತು ಎಂದು ಕರೆಯುವುದು ತುಸು ಅತಿಯಾದೀತು. ನಿಲ್ದಾಣವಂತೂ ಊರಿಗೆ ದಕ್ಕಿತು. ಆದರೆ ಒಂದು ಹೆಸರು ಊರಿನ ಭೂಗೋಳದಲ್ಲಿ ಬೆರೆತುಹೋದ ಮೇಲೆ ಅದನ್ನು ಅನುಮಾನದಿಂದ ನೋಡುವ ಅಭ್ಯಾಸ ಸಡಿಲವಾಗುತ್ತದೆ ಎಂಬುದೂ ಅಷ್ಟೇ ನಿಜ.

ಬೆಂಗಳೂರು ಒಮ್ಮೆ ಈ ಗದ್ದಲವನ್ನು ನಿಲ್ಲಿಸಲು ನೋಡಿದ್ದುಂಟು. 2018ರ ಆಗಸ್ಟ್‌ನಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬಿಬಿಎಂಪಿ ಸಾವಿರಾರು ಫ್ಲೆಕ್ಸುಗಳನ್ನು ಕಿತ್ತು ಹಾಕಿ, ಹೋರ್ಡಿಂಗುಗಳಿಗೆ ನಿಷೇಧ ಹೇರಿತು. ಕೆಲ ಕಾಲ ಮರಗಳೂ ಕಟ್ಟಡಗಳ ಮುಖವೂ ಕಂಡವು. ಬ್ರೆಜಿಲ್‌ನ ಸಾವೊ ಪಾವ್ಲೊ ನಗರ 2006ರಲ್ಲಿ ಕಾನೂನು ಮಾಡಿ 2007ರಿಂದ ಹೊರಾಂಗಣ ಜಾಹೀರಾತನ್ನೇ ತೆಗೆದುಹಾಕಿತ್ತು, ಆಮೇಲೂ ಅಲ್ಲಿನ ವ್ಯಾಪಾರ ನಿಲ್ಲಲಿಲ್ಲ. ನಮ್ಮಲ್ಲಿ ಪಾಲಿಕೆಗೆ ಆದಾಯ ಬೇಕು, ರಾಜಕಾರಣಿಗಳಿಗೆ ಹುಟ್ಟುಹಬ್ಬದ ಶುಭಾಶಯ ಬೇಕು. ಹಾಗಾಗಿ ಫ್ಲೆಕ್ಸು ಕಿತ್ತಷ್ಟೂ ಚಿಗುರುತ್ತದೆ.

ಇನ್ನು ಬೆಲೆಯ ಆಟಕ್ಕೆ ಬರೋಣ. ಹೆಚ್ಚು ವಿವರ ಬೇಕಾದ್ದು ಇಲ್ಲೇ. ನಮಗೆ ಅತಿ ಹೆಚ್ಚು ನಂಬಿಕೆ ಇರುವುದೂ ಇಲ್ಲೇ.

1974ರಲ್ಲಿ ಮನೋವಿಜ್ಞಾನಿಗಳಾದ ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಒಂದು ಅದೃಷ್ಟಚಕ್ರ ತಿರುಗಿಸಿದರು. ಅದು 10 ಅಥವಾ 65ರಲ್ಲಿ ಮಾತ್ರ ನಿಲ್ಲುವಂತೆ ಗುಟ್ಟಾಗಿ ಸಿದ್ಧ ಮಾಡಿದ್ದರು. ಆಮೇಲೆ, ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳಲ್ಲಿ ಶೇಕಡ ಎಷ್ಟು ಆಫ್ರಿಕದವು ಎಂದು ಕೇಳಿದರು. ಚಕ್ರದಲ್ಲಿ 10 ಕಂಡವರ ಉತ್ತರ 25ರ ಸುತ್ತ, 65 ಕಂಡವರದು 45ರ ಸುತ್ತ. ಚಕ್ರಕ್ಕೂ ಆಫ್ರಿಕಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಮೊದಲು ಕಿವಿಗೆ ಬಿದ್ದ ಅಂಕಿಗೆ ಮನಸ್ಸು ಗೂಟಕ್ಕೆ ಕಟ್ಟಿದ ಹಸುವಿನಂತೆ ಸುತ್ತುತ್ತದೆ.

ನಮ್ಮ ದೇಶದಲ್ಲಿ ಆ ಗೂಟವನ್ನು ಪೊಟ್ಟಣದ ಮೇಲೆಯೇ ಮುದ್ರಿಸಿ ಕೊಡುತ್ತಾರೆ. ಅದರ ಹೆಸರು ಎಂಆರ್‌ಪಿ. ಅದಕ್ಕಿಂತ ಹೆಚ್ಚಿಗೆ ಮಾರುವುದು ಅಪರಾಧ, ಆ ಮಟ್ಟಿಗೆ ಅದು ಗ್ರಾಹಕರಿಗೆ ರಕ್ಷಣೆ. ಆದರೆ ಎಷ್ಟು ಮುದ್ರಿಸಬೇಕು ಎಂಬುದು, ಬೆಲೆ ನಿಯಂತ್ರಣದಲ್ಲಿರುವ ಔಷಧಿಗಳಂಥ ಕೆಲವನ್ನು ಬಿಟ್ಟರೆ, ಕಂಪನಿಯ ಮರ್ಜಿ. ಎಂದೂ ಆ ದರಕ್ಕೆ ಮಾರದ ಚೂಡಿದಾರಕ್ಕೆ 1,999 ಎಂದು ಚೀಟಿ ಅಂಟಿಸಿ, ‘ಶೇ 60 ರಿಯಾಯಿತಿ, 799 ಮಾತ್ರ’ ಎಂದರೆ ಅದು 799ರ ಬಟ್ಟೆ ಅಷ್ಟೆ. ನಮಗೆ ಮಾತ್ರ 1,200 ಉಳಿಸಿದ ಸಂತೋಷ. ಆಷಾಢದ ಸೇಲ್‌ಗೆ ಜಯನಗರ ನಾಲ್ಕನೇ ಬ್ಲಾಕಿನಿಂದ ಕಮರ್ಷಿಯಲ್ ಸ್ಟ್ರೀಟಿನವರೆಗೆ ಸಾಲುಗಟ್ಟುವ ಬೋರ್ಡುಗಳನ್ನು ಈ ದೃಷ್ಟಿಯಿಂದ ನೋಡಿ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ವ್ಯಾಪಾರ ಇಳಿಯುತ್ತದೆ, ಹಳೇ ಸ್ಟಾಕು ಖಾಲಿಯಾಗಬೇಕು. ಹೀಗಾಗಿ ಕೆಲವು ಅಂಗಡಿಗಳ ರಿಯಾಯಿತಿ ನಿಜವೇ ಇರುತ್ತದೆ. ಯಾವುದು ನಿಜ ಎಂದು ತಿಳಿಯಲು ಜ್ಯೇಷ್ಠದಲ್ಲಿ ಅದೇ ಸೀರೆಯ ಬೆಲೆ ಎಷ್ಟಿತ್ತು ಎಂದು ಗೊತ್ತಿರಬೇಕು. ಯಾರಿಗೆ ಗೊತ್ತಿರುತ್ತದೆ?

ಅದರ ತದ್ವಿರುದ್ಧದ ಉಪಾಯ ಕಿರಾಣಿ ಅಂಗಡಿಯ ಹತ್ತು ರೂಪಾಯಿಯ ಬಿಸ್ಕತ್ತಿನದು. ಅಲ್ಲಿ ಬೆಲೆ ಅಲುಗುವುದಿಲ್ಲ, ಗ್ರಾಂ ಕರಗುತ್ತದೆ. ಹತ್ತು ಎಂಬ ಅಂಕಿ ನೆನಪಿರುತ್ತದೆ, ತೂಕ ನೆನಪಿರುವುದಿಲ್ಲ. ಇದಕ್ಕೆ ಮದ್ದಾಗಿ ಗ್ರಾಮಿಗೋ ಮಿಲಿಲೀಟರಿಗೋ ಎಷ್ಟು ಎಂಬ ‘ಯೂನಿಟ್ ಸೇಲ್ ಪ್ರೈಸ್’ ಮುದ್ರಿಸಬೇಕೆಂದು ಕೇಂದ್ರ ಸರ್ಕಾರ ನಿಯಮ ತಂದಿದೆ. ಬಹಳಷ್ಟು ಪೊಟ್ಟಣಗಳ ಮೇಲೆ ಅದು ಎಂಆರ್‌ಪಿಯ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ‘ಫ್ಯಾಮಿಲಿ ಪ್ಯಾಕ್’ ಎಂದರೆ ಅಗ್ಗ ಎಂದು ನಂಬಿದವರು ಒಮ್ಮೆ ಆ ಸಾಲನ್ನು ಓದಬೇಕು. ಕೆಲವೊಮ್ಮೆ ಸಣ್ಣ ಪೊಟ್ಟಣವೇ ಅಗ್ಗವಿರುತ್ತದೆ.

ಕಂತಿನ ವಿಷಯದಲ್ಲೂ ಕತೆ ಬೇರೆಯಲ್ಲ. ‘ಶೂನ್ಯ ಬಡ್ಡಿ ಇಎಂಐ’ ಎಂಬುದರಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದ ವೇಷದಲ್ಲಿ ವಸೂಲು ಮಾಡಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಈಗ ಅದನ್ನು ‘ನೋ ಕಾಸ್ಟ್ ಇಎಂಐ’ ಎನ್ನುತ್ತಾರೆ. ಎಷ್ಟೋ ಕಡೆ, ಪೂರ್ತಿ ಹಣ ಒಮ್ಮೆಗೇ ಕೊಡುತ್ತೇನೆ ಎಂದರೆ ಸಿಗುವ ರಿಯಾಯಿತಿ ಕಂತಿನಲ್ಲಿ ಸಿಗುವುದಿಲ್ಲ. ಬಡ್ಡಿ ಅಡಗಿರುವುದು ಆ ವ್ಯತ್ಯಾಸದಲ್ಲಿ.

ಇಷ್ಟೂ ಹಳೇ ಕಾಲದ ಉಪಾಯಗಳು. ಚಿಕ್ಕಪೇಟೆಯ ಸೀರೆ ಅಂಗಡಿಯವರು ‘ಬನ್ನಿ ಅಕ್ಕ, ನೋಡೋಕೆ ದುಡ್ಡಿಲ್ಲ’ ಎಂದು ಕರೆದು, ಇಪ್ಪತ್ತು ಸೀರೆ ಬಿಚ್ಚಿ ಹರಡಿ, ಬರಿಗೈಲಿ ಏಳಲು ಸಂಕೋಚವಾಗುವಂತೆ ಮಾಡುವುದೂ ಒಲಿಸುವ ವಿದ್ಯೆಯೇ. ಆದರೆ ಅಲ್ಲಿ ಇಬ್ಬರೂ ಮುಖಾಮುಖಿ ಕೂತಿರುತ್ತಾರೆ, ಚೌಕಾಸಿ ಮಾಡಬಹುದು, ‘ಆಮೇಲೆ ಬರ್ತೀನಿ’ ಎಂದು ನುಣುಚಿಕೊಳ್ಳಬಹುದು. ಫೋನಿನ ಪರದೆಯಲ್ಲಿ ಎದುರಿಗೆ ಕೂತವರು ಕಾಣಿಸುವುದಿಲ್ಲ. ನಮ್ಮ ಬೆರಳು ಎಲ್ಲಿ ತಡೆಯಿತು, ಯಾವ ಹೊತ್ತಿಗೆ ಹಸಿವಾಗುತ್ತದೆ, ಎಷ್ಟು ಬೆಲೆಗೆ ಹಿಂಜರಿದೆವು ಎಂಬುದೆಲ್ಲ ಅವರ ಬಳಿ ದಾಖಲಾಗುತ್ತದೆ, ಅವರ ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ.

ಬ್ರಿಟನ್ನಿನ ವಿನ್ಯಾಸತಜ್ಞ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇಂಥ ಪರದೆಯ ಮೋಸಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇವುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ, 13 ಬಗೆಗಳನ್ನು ಪಟ್ಟಿ ಮಾಡಿತು. ‘ಎರಡೇ ಉಳಿದಿವೆ, ಬೇಗ’ ಎಂಬ ಸುಳ್ಳು ಅವಸರ. ಕೇಳದೆಯೇ ಬುಟ್ಟಿಗೆ ಸೇರಿಕೊಳ್ಳುವ ವಿಮೆ ಅಥವಾ ದೇಣಿಗೆ. ‘ಬೇಡ, ನನಗೆ ಹಣ ಉಳಿಸುವ ಆಸಕ್ತಿ ಇಲ್ಲ’ ಎಂದು ಒತ್ತಿಸಿ ನಾಚಿಕೆಪಡಿಸುವುದು. ಒಂದೇ ಒತ್ತಿಗೆ ಸೇರಿಸಿಕೊಂಡು, ಹೊರಬರಲು ಆರು ಪುಟ ಸುತ್ತಿಸುವ ಚಂದಾ. ಕೊನೆಯ ಪರದೆಯವರೆಗೆ ಹನಿಹನಿಯಾಗಿ ಏರುವ ಬೆಲೆ. ಸುದ್ದಿಯ ವೇಷದ ಜಾಹೀರಾತು. ಪಟ್ಟಿ ಓದಿದರೆ ನಮ್ಮ ಫೋನಿನ ಅರ್ಧ ಆ್ಯಪ್‌ಗಳ ನೆನಪಾಗುತ್ತದೆ.

ಬೆಂಗಳೂರಿನವರಿಗೆ ಹತ್ತಿರದ ಉದಾಹರಣೆ ಆಟೊ. ಸಂಜೆ ಮಳೆ, ಮೆಜೆಸ್ಟಿಕ್ಕಿನಲ್ಲೋ ಮಾರತ್ತಹಳ್ಳಿಯಲ್ಲೋ ನಿಂತಿದ್ದೀರಿ. ಆ್ಯಪ್ ದರ ತೋರಿಸುತ್ತದೆ, ಜೊತೆಗೆ 20, 30, 50 ರೂಪಾಯಿಯ ಗುಂಡಿಗಳು: ಟಿಪ್ ಸೇರಿಸಿದರೆ ಬೇಗ ಗಾಡಿ ಸಿಗಬಹುದು. ಟಿಪ್ ಅಂದರೆ ಸೇವೆ ಮುಗಿದ ಮೇಲೆ ಖುಷಿಯಿಂದ ಕೊಡುವ ಭಕ್ಷೀಸು. ಗಾಡಿಯೇ ಬಾರದಿರುವಾಗ ಕೇಳಿದರೆ ಅದು ಹರಾಜು. ಸುತ್ತಲಿನವರೆಲ್ಲ 30 ಕೂಡಿಸಿದ್ದಾರೆ ಎಂಬ ಭಯಕ್ಕೆ ನಾವೂ ಕೂಡಿಸುತ್ತೇವೆ, ಎಲ್ಲರೂ ಕೂಡಿಸಿದ ಮೇಲೆ ಯಾರಿಗೂ ಲಾಭವಿಲ್ಲ, ದರ ಮಾತ್ರ ಏರಿರುತ್ತದೆ. 2025ರ ಮೇ ತಿಂಗಳಲ್ಲಿ ಇದೇ ಮುಂಗಡ ಟಿಪ್ ವಿಚಾರಕ್ಕೆ ಪ್ರಾಧಿಕಾರ ಊಬರ್‌ಗೆ ನೋಟಿಸ್ ಕೊಟ್ಟಿತು. ಧಾರವಾಡದ ಸಂಸದರೂ ಆಗಿರುವ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಇದನ್ನು ಅನೈತಿಕ ಎಂದರು. ಚಾಲಕರ ಕಡೆಯ ಮಾತೂ ಇದೆ: ಆ್ಯಪ್ ತೋರಿಸುವ ದರ ಗಿಟ್ಟುವುದಿಲ್ಲ, ಮಳೆಯಲ್ಲಿ ಒಂದು ಗಂಟೆ ಸಿಕ್ಕಿಕೊಳ್ಳುವುದು ಅವರೇ. ಅದಕ್ಕೆ ದರವನ್ನು ನೇರವಾಗಿ ಏರಿಸಬಹುದು. ಭಯವನ್ನು ಗುಂಡಿಯಾಗಿಸುವ ಅಗತ್ಯವಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರು ಮೂಲದ ರ‍್ಯಾಪಿಡೊಗೆ ಪ್ರಾಧಿಕಾರ 10 ಲಕ್ಷ ರೂಪಾಯಿ ದಂಡ ಹಾಕಿತು. ‘5 ನಿಮಿಷದಲ್ಲಿ ಆಟೊ, ಇಲ್ಲವಾದರೆ 50 ರೂಪಾಯಿ’ ಎಂದು ಅದು ಊರೂರಿನಲ್ಲಿ ಜಾಹೀರಾತು ಕೊಟ್ಟಿತ್ತು. ವಿಚಾರಿಸಿದಾಗ ಗೊತ್ತಾದದ್ದು ಏನೆಂದರೆ, ಆ 50 ರೂಪಾಯಿ ರೂಪಾಯಿಯೇ ಆಗಿರಲಿಲ್ಲ. ಅದು ‘50ರವರೆಗೆ’ ಸಿಗಬಹುದಾದ ರ‍್ಯಾಪಿಡೊ ಕಾಯಿನ್. ಬೈಕ್ ಸವಾರಿಗೆ ಮಾತ್ರ ಬಳಸಬಹುದು, ಏಳು ದಿನದಲ್ಲಿ ಮುಗಿಸಬೇಕು. ದೊಡ್ಡ ಅಕ್ಷರದಲ್ಲಿ ಭರವಸೆ, ಕಾಣದಷ್ಟು ಸಣ್ಣ ಅಕ್ಷರದಲ್ಲಿ ಷರತ್ತು. ಭರವಸೆ ಕೊಟ್ಟವರು ಕಂಪನಿಯಲ್ಲ, ಚಾಲಕರು ಎಂಬ ಜಾಣತನ ಬೇರೆ. 50 ರೂಪಾಯಿ ಸಿಗದವರಿಗೆ ಅದನ್ನು ಪೂರ್ತಿ ಕೊಡಬೇಕೆಂದೂ ಆದೇಶವಾಯಿತು. ಇಡೀ ಜಾಹೀರಾತು ಶಾಸ್ತ್ರವನ್ನು ಒಂದೇ ಪ್ರಕರಣದಲ್ಲಿ ಕಲಿಸಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ.

ಹಣ ಹೋದರೆ ಹೋಯಿತು ಎನ್ನಬಹುದು. ನೆಮ್ಮದಿಯ ಲೆಕ್ಕ ಅಷ್ಟು ಸುಲಭವಲ್ಲ. ವಸ್ತು ಮಾರಬೇಕಾದರೆ ಮೊದಲು ಅದರ ಕೊರತೆಯನ್ನು ಮಾರಬೇಕು. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದು, ‘ಫೇರ್’ ಪದವನ್ನು ಕೈಬಿಟ್ಟು ಗ್ಲೋ ಅಂಡ್ ಲವ್ಲಿ ಆದದ್ದು 2020ರಲ್ಲಿ. ನಡುವಿನ 45 ವರ್ಷ, ಕಪ್ಪಗಿರುವ ಹುಡುಗಿಗೆ ಕೆಲಸ ಸಿಗುವುದಿಲ್ಲ, ಗಂಡು ಸಿಗುವುದಿಲ್ಲ, ಕ್ರೀಮು ಹಚ್ಚಿದರೆ ಎರಡೂ ಸಿಗುತ್ತವೆ ಎಂಬ ಕತೆಯನ್ನು ಇಂಥ ಕ್ರೀಮುಗಳ ಜಾಹೀರಾತುಗಳು ಹೇಳುತ್ತಲೇ ಬಂದವು. ಬಣ್ಣದ ಕೀಳರಿಮೆಯನ್ನು ಕಂಪನಿ ಹುಟ್ಟಿಸಲಿಲ್ಲ, ಅದು ನಮ್ಮ ವಧುಪರೀಕ್ಷೆಗಳಲ್ಲಿ ಮೊದಲೇ ಇತ್ತು. ಕಂಪನಿ ಅದಕ್ಕೆ ದಿನಾ ನೀರೆರೆಯಿತು.

ಅಕ್ಷಯ ತದಿಗೆಯ ಚಿನ್ನವನ್ನೂ ನೋಡಿ. ವೈಶಾಖದ ಬಿರುಬಿಸಿಲಿನಲ್ಲಿ ಬರುವ ಈ ದಿನ ನೀರು ತುಂಬಿದ ಕೊಡ, ಬೀಸಣಿಗೆ, ಮಜ್ಜಿಗೆ ದಾನ ಮಾಡುವ ದಿನವಾಗಿತ್ತು. ಕರ್ನಾಟಕದಲ್ಲಿ ಬಸವ ಜಯಂತಿಯೂ ಅಂದೇ. ಈಗ ಬೆಂಗಳೂರಿನ ಪತ್ರಿಕೆಗಳ ಮುಖಪುಟ ಅಂದು ಒಡವೆ ಅಂಗಡಿಗಳ ಪಾಲು. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಹಿರಿಯರು ಹೇಳಿದರೆ ಗೊಣಗಾಟ ಎಂದು ತಳ್ಳಿಹಾಕಬೇಡಿ. ಕೊಡುವ ದಿನವನ್ನು ಕೊಳ್ಳುವ ದಿನವಾಗಿ ತಿರುಗಿಸಿದ್ದರಲ್ಲಿ ಜಾಹೀರಾತಿನ ಪಾಲು ದೊಡ್ಡದು. ಒಂದು ಗ್ರಾಂ ನಾಣ್ಯವನ್ನೂ ಕೊಳ್ಳಲಾಗದ ಮನೆಯಲ್ಲಿ ಅಂದು ಮೂಡುವ ಅಳುಕು ಪಂಚಾಂಗದಿಂದ ಬಂದದ್ದಲ್ಲ.

ಈ ಅಳುಕನ್ನು ಅಳೆಯಲು ಯತ್ನಿಸಿದವರೂ ಇದ್ದಾರೆ. ಅರ್ಥಶಾಸ್ತ್ರಜ್ಞ ಆ್ಯಂಡ್ರ್ಯೂ ಆಸ್ವಲ್ಡ್ ಮತ್ತು ಸಂಗಡಿಗರು ಯುರೋಪಿನ 27 ದೇಶಗಳ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆಗಳನ್ನು, 1980ರಿಂದ 2011ರವರೆಗಿನ ಜಾಹೀರಾತು ವೆಚ್ಚದ ಜೊತೆಗಿಟ್ಟು ನೋಡಿದರು. ಒಂದು ದೇಶದಲ್ಲಿ ಜಾಹೀರಾತು ಹೆಚ್ಚಿದ ಬಳಿಕದ ವರ್ಷಗಳಲ್ಲಿ ಅಲ್ಲಿನ ಜನರ ಜೀವನ ತೃಪ್ತಿ ಇಳಿದಿತ್ತು. ವೆಚ್ಚ ಎರಡು ಪಟ್ಟಾದರೆ ತೃಪ್ತಿ ಸುಮಾರು ಶೇ 3ರಷ್ಟು ಕುಸಿಯುತ್ತದೆ ಎಂಬುದು ಅವರ ಅಂದಾಜು. ಇದು ಎರಡೂ ಒಟ್ಟೊಟ್ಟಿಗೆ ಬದಲಾದದ್ದರ ಲೆಕ್ಕ, ಒಂದರಿಂದಲೇ ಇನ್ನೊಂದು ಆಯಿತು ಎಂಬುದಕ್ಕೆ ಪುರಾವೆ ಅಲ್ಲ. ಆದರೂ ‘ಜಾಹೀರಾತು ಬರೀ ಮಾಹಿತಿ’ ಎನ್ನುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಫೋನು ಇದನ್ನೆಲ್ಲ ಇನ್ನೊಂದು ಮಟ್ಟಕ್ಕೆ ಒಯ್ದಿದೆ. ಪುಟ ಮುಗಿಯದಂತೆ ಕೆಳಗೆ ಸರಿಯುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದರು. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ, ಟಿವಿಯಲ್ಲಿ ಧಾರಾವಾಹಿ ಮುಗಿಯುತ್ತದೆ, ಎದ್ದು ಹೋಗಲು ಒಂದು ನೆಪ ಸಿಗುತ್ತದೆ. ರೀಲ್ಸಿನಲ್ಲಿ ಆ ನೆಪವನ್ನೇ ಕಿತ್ತುಹಾಕಲಾಗಿದೆ. ಯಾಕೆಂದರೆ ನಾವು ಕೂತಷ್ಟು ಹೊತ್ತೂ ಜಾಹೀರಾತು ತೋರಿಸಬಹುದು. ಫೋನು, ಗೇಮು ಬಿಡಲಾಗದೆ ಒದ್ದಾಡುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು.

ಹಾಗಾದರೆ ಏನು ಮಾಡುವುದು? ‘ಗ್ರಾಹಕರೇ ಎಚ್ಚರವಾಗಿರಿ’ ಎಂಬ ಉಪದೇಶದಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ದಣಿದ ಹೊತ್ತನ್ನೇ ಕಾದು ಬರುವ ಉಪಾಯಕ್ಕೆ ಎಚ್ಚರವೊಂದೇ ಸಾಲದು. ಎಚ್ಚರಕ್ಕಿಂತ ತಡ ಮಾಡುವುದು ಹೆಚ್ಚು ಕೆಲಸ ಮಾಡುತ್ತದೆ: ಬುಟ್ಟಿಗೆ ಹಾಕಿ ನಾಳೆ ಬೆಳಿಗ್ಗೆ ನೋಡುವುದು, ಕಾರ್ಡಿನ ವಿವರವನ್ನು ಆ್ಯಪ್‌ನಲ್ಲಿ ಉಳಿಸದಿರುವುದು, ರಿಯಾಯಿತಿಯ ನೋಟಿಫಿಕೇಶನ್‌ಗಳನ್ನು ಬಂದ್ ಮಾಡುವುದು, ದಿನಸಿಗೆ ಚೀಟಿ ಬರೆದುಕೊಂಡು ಹೋಗುವುದು. ನಮ್ಮ ತಾಯಂದಿರ ದಿನಸಿ ಚೀಟಿ ಎಷ್ಟು ಬಲವಾದ ಗುರಾಣಿಯಾಗಿತ್ತು ಎಂದು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಸಾಲಿನಲ್ಲಿ, ಮಕ್ಕಳ ಕಣ್ಣಿನ ಮಟ್ಟಕ್ಕೇ ಜೋಡಿಸಿದ ಚಾಕೊಲೇಟಿನ ಎದುರು ನಿಂತಾಗ ಅರ್ಥವಾಗುತ್ತದೆ.

ಉಳಿದದ್ದು ಕಾನೂನಿನ ಕೆಲಸ. ಅದು ನಡೆಯುತ್ತಿದೆ, ಕುಂಟುತ್ತ. ಪ್ರಾಧಿಕಾರದ 2022ರ ಮಾರ್ಗಸೂಚಿ ಬದಲಿ ಜಾಹೀರಾತನ್ನು, ಅಂದರೆ ಜಾಹೀರಾತು ಕೊಡುವಂತಿಲ್ಲದ ವಸ್ತುವನ್ನು ಬೇರೊಂದರ ನೆಪದಲ್ಲಿ ತೋರಿಸುವುದನ್ನು, ನಿಷೇಧಿಸಿದೆ, ಆದರೂ ಪಾನ್ ಮಸಾಲಾದ ಹೆಸರಿನಲ್ಲೇ ಏಲಕ್ಕಿ ಮಾರುವ ನಟರು ತೆರೆಯಿಂದ ಮರೆಯಾಗಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಕೋಟಿಗಟ್ಟಲೆ ಜಾಹೀರಾತಿಗೆ ಸುರಿಯುವವರಿಗೆ 10 ಲಕ್ಷ ಯಾವ ಲೆಕ್ಕ ಎಂಬ ಪ್ರಶ್ನೆ ನ್ಯಾಯವಾದದ್ದೇ. 2025ರ ಜೂನ್‌ನಲ್ಲಿ ಪ್ರಾಧಿಕಾರ, ಮೂರು ತಿಂಗಳೊಳಗೆ ನಿಮ್ಮ ಪರದೆಗಳಲ್ಲಿನ ಡಾರ್ಕ್ ಪ್ಯಾಟರ್ನ್‌ಗಳನ್ನು ನೀವೇ ತಪಾಸಣೆ ಮಾಡಿಕೊಳ್ಳಿ ಎಂದು ಇ-ಕಾಮರ್ಸ್ ಕಂಪನಿಗಳಿಗೆ ಹೇಳಿತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ ಎಂದು ಕೆಲವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ದೂರು ಕೊಡುವುದು ಮಾತ್ರ ಜನ ಅಂದುಕೊಂಡಷ್ಟು ಕಷ್ಟವಲ್ಲ. ಹೇಳಿದ ಬೆಲೆಯೊಂದು, ವಸೂಲು ಮಾಡಿದ ಬೆಲೆಯೊಂದಾದರೆ ಎರಡೂ ಪರದೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಯಾಕೆಂದರೆ ಮರುದಿನ ಆ ಪರದೆ ಅಲ್ಲಿರುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಹಿಡಿಯಲೇಬೇಕೆಂಬ ಕಡ್ಡಾಯವೂ ಇಲ್ಲ.